ಪೈಪಿನೊಳಗಿನ ಠಣ್ ಠಣ್

ಅಪಾರ್ಟ್‌ಮೆಂಟಿನ ಮಲದ ಗುಂಡಿಯೊಳಗೆ ಗಂಡ ಇಳಿದಿದ್ದ. ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಹೆಂಡತಿ ಗುಂಡಿಯ ಬಾಯಿಗೆ ಕಿವಿಯಿಟ್ಟು ಕೂತಿದ್ದಳು. ಅವನು ಒಳಗಿನ ಪೈಪಿಗೆ ಹಾರೆಯಿಂದ ಆಗಾಗ ಬಡಿಯುತ್ತಿರಬೇಕು. ಸದ್ದು ನಿಂತರೆ ಇವಳು ಹಗ್ಗ ಎಳೆಯಬೇಕು. ಇಳಿಯುವ ಮುಂಚೆ ದಿನವೂ ಅದೇ ಮಾತು.

ಮೊದಲ ಮಹಡಿಯ ಬಾಲ್ಕನಿಯಿಂದ ಒಬ್ಬರು ಬಗ್ಗಿದರು. ತಲೆಗೆ ಹೆಡ್‌ಫೋನ್.

“ಏನಮ್ಮಾ ಇದು ಠಣ್ ಠಣ್? ಪೈಪ್ ಹತ್ತಿ ನೇರ ನಮ್ಮ ಮನೆಯೊಳಗೇ ಬರ್ತಿದೆ. ಮೀಟಿಂಗಲ್ಲಿದೀನಿ ನಾನು!”

“ಒಳಗೆ ನಮ್ ಯಜಮಾನ್ರು ಅವ್ರೆ ಸಾರ್. ಜೀವ ಐತೆ ಅಂತ ಗೊತ್ತಾಗೋದು ಅದರಿಂದ್ಲೇ.”

“ಜೀವ ಇರೋರು ಬಾಯಲ್ಲಿ ಹೇಳ್ತಾರಮ್ಮ, ಗಂಟೆ ಹೊಡೀತಾರಾ?”

“ಬಾಯಿ ತೆಗೆದ್ರೆ ಗ್ಯಾಸ್ ಒಳಕ್ಕೆ ಹೋಯ್ತದೆ ಸಾರ್.”

“ಹತ್ತೇ ನಿಮಿಷ ಸುಮ್ಮನಿರು ಅಂತ ಹೇಳು. ಇಲ್ಲಾಂದ್ರೆ ನಾಳೆಯಿಂದ ಬೇರೆಯವರನ್ನ ಕರೆಸ್ತೀವಿ.”

ಗೇಟಿನ ಬಳಿ ನೀರಿನ ಟ್ಯಾಂಕರೊಂದು ಬಂದು ನಿಂತು ಹಾರ್ನ್ ಒತ್ತತೊಡಗಿತು. ಅವಳಿಗೆ ಬೇರೇನೂ ಕೇಳಿಸದಾಯಿತು.

“ಬ್ಯಾಡ ಸಾರ್, ಮನೆ ನಡೀಬೇಕು. ಹೇಳ್ತೀನಿ,” ಎಂದು ಕೂಗಿ ಕೈಮುಗಿದಳು.

ಅವರು ಒಳಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಬಡಿಯಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಹಾರ್ನ್ ನಿಲ್ಲಲೆಂದು ಅವಳು ಕಾದಳು.

ಹಾರ್ನ್ ನಿಂತದ್ದೂ ಗಾಜಿನ ಬಾಗಿಲು ಮತ್ತೆ ಸರಿದದ್ದೂ ಒಟ್ಟಿಗೇ. ಅವರು ನಗುತ್ತ ಹೆಬ್ಬೆರಳು ಎತ್ತಿ ತೋರಿಸಿದರು.

“ಥ್ಯಾಂಕ್ಸಮ್ಮಾ! ನೀನು ಹೇಳಿದ ತಕ್ಷಣ ನಿಲ್ಲಿಸಿಬಿಟ್ಟ.”

“ನಾನಿನ್ನೂ ಹೇಳೇ ಇಲ್ಲ ಸಾರ್.”