ಅಳತೆ ರವಿಕೆಗೆ ಎದೆಬಡಿತವಿಲ್ಲ

ಆ ಊರಿನಲ್ಲಿ ತಕ್ಕಡಿ ಇದ್ದದ್ದು ಈರುಳ್ಳಿಗೆ ಮಾತ್ರ. ಮನುಷ್ಯರ ಬೊಜ್ಜನ್ನು ಬಟ್ಟೆಯ ಸೈಜೇ ಹೇಳುತ್ತಿದ್ದುದರಿಂದ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಬಟ್ಟೆಗೇ ನಡೆಯುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದ ದಾಕ್ಷಾಯಿಣಮ್ಮ, ಅಳತೆಗೆ ತಾನೇ ಎಂದುಕೊಂಡು, ಟೈಲರ್ ಅಂಗಡಿಗೆ ಕೊಡುವ ಅಳತೆ ರವಿಕೆಯನ್ನೇ ಡಾಕ್ಟರ ಮೇಜಿನ ಮೇಲಿಟ್ಟರು.

ಡಾಕ್ಟರು ಟೇಪು ಹಿಡಿದರು. "ಬರೀ ಮೂವತ್ತೆರಡು! ನಿಮಗೆ ಬೊಜ್ಜೇ ಇಲ್ವಲ್ಲಮ್ಮ. ಚೆನ್ನಾಗಿ ತುಪ್ಪ ತಿನ್ನಿ."

"ಅಯ್ಯೋ, ಅದು ನನ್ನ ಮದುವೇಲಿ ಹೊಲಿಸಿದ್ದು ಡಾಕ್ಟ್ರೇ. ಟೈಲರ್‌ಗೂ ಇದನ್ನೇ ಕೊಟ್ಟು, ಇದಕ್ಕಿಂತ ಎಂಟಿಂಚು ಲೂಸಾಗಿ ಹೊಲಿಯಪ್ಪ ಅಂತೀನಿ. ಒಂದ್ಸಲ ನನ್ನ ನೋಡಿ."

"ಬಾಯಲ್ಲಿ ಹೇಳಿದ್ದೆಲ್ಲ ಅಳತೆ ಆಗುತ್ತೇನಮ್ಮ?" ಎಂದರೂ, ಹಿರಿಯರ ಮಾತು ತಳ್ಳಿಹಾಕಬಾರದೆಂದು ಡಾಕ್ಟರು ಸ್ಟೆತಾಸ್ಕೋಪನ್ನು ರವಿಕೆಯ ಎಡಭಾಗಕ್ಕೆ ಒತ್ತಿದರು. ಅವರ ಮುಖ ಬಿಳಿಚಿಕೊಂಡಿತು. "ಸಿಸ್ಟರ್, ಎದೆಬಡಿತಾನೇ ಇಲ್ಲ! ಬೇಗ ಮೇಲಕ್ಕೆ ತಗೊಂಡ್ಹೋಗಿ!"

ರವಿಕೆಯನ್ನು ಸ್ಟ್ರೆಚರಿನಲ್ಲಿ ಮಲಗಿಸಿ, ಕತ್ತಿನವರೆಗೆ ಹೊದಿಸಿ, ಲಿಫ್ಟಿನಲ್ಲಿ ಕರೆದೊಯ್ದರು. ಲಿಫ್ಟು ರೋಗಿಗಳಿಗೆ ಮಾತ್ರ. ದಾಕ್ಷಾಯಿಣಮ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತತೊಡಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿದು, ಎದೆ ಹಿಡಿದುಕೊಂಡು ಅಲ್ಲೇ ಕುಸಿದರು.

ಕೆಳಗಿನಿಂದ ಆಕ್ಸಿಜನ್ ಸಿಲಿಂಡರ್ ಹೊತ್ತು ಓಡಿಬಂದ ನರ್ಸ್ ರೇಗಿದಳು.

"ಪೇಶೆಂಟ್ ಕಡೆಯವ್ರು ಹೀಗೆ ದಾರೀಲಿ ಕೂತ್ರೆ ಹೇಗಮ್ಮಾ? ಜರುಗಿ, ಪಾಪ ಅಲ್ಲಿ ಅವರು ಉಸಿರಾಡ್ತಿಲ್ಲ!"