ಅಕ್ಕನ ಹಾಡು

ಉನಾ ಕಣ್ಣು ಮುಚ್ಚಿ ಹಾಡಿನ ಎರಡನೇ ನುಡಿ ಎತ್ತಿಕೊಳ್ಳುವಷ್ಟರಲ್ಲಿ ಯಾರೋ ಅವಳ ಕೈ ಹಿಡಿದರು. ಕಾನಮಾರಾ ಸೀಮೆಯ ಹಾಡುಕೂಟಗಳಲ್ಲಿ ಅದು ಹೊಸದೇನಲ್ಲ. ಹಾಡುವವರ ಕೈಯನ್ನು ಪಕ್ಕದವರು ಹಿಡಿದು, ರಾಟೆ ತಿರುಗಿಸಿದ ಹಾಗೆ ಮೆಲ್ಲಗೆ ತಿರುಗಿಸುತ್ತಾರೆ. ಆದರೆ ಇದು ಪಕ್ಕದಲ್ಲಿ ಕೂತಿದ್ದ ಮುದುಕ ಕೋಲ್ಮನ್‌ನ ಕೈಯಲ್ಲ. ಉಣ್ಣೆ ಹೆಣೆದು ಹೆಣೆದು ತೋರುಬೆರಳು ಜಡ್ಡುಗಟ್ಟಿದ ಕೈ. ಅಕ್ಕ ನೋರೀನಳದು.

ಊರಲ್ಲಿ ಒಬ್ಬೊಬ್ಬರಿಗೆ ಅವರದೇ ಅಂತ ಒಂದು ಹಾಡಿರುತ್ತದೆ. ಅವರು ಬದುಕಿರುವಾಗ, ಅವರನ್ನು ಕೇಳದೆ ಇನ್ನೊಬ್ಬರು ಅದನ್ನು ಹಾಡುವಂತಿಲ್ಲ. ಹೋದ ವರ್ಷ ಜನಪದ ಸಂಘದ ಸಂಗೀತ ಕಛೇರಿಯಲ್ಲಿ ಚಪ್ಪಾಳೆಯ ಅಮಲಿನಲ್ಲಿ ಉನಾ ಅಕ್ಕನ ಹಾಡನ್ನೇ ಹಾಡಿಬಿಟ್ಟಿದ್ದಳು. ಅಂದಿನಿಂದ ಅಕ್ಕ ಮಾತು ಬಿಟ್ಟಿದ್ದಳು.

ಈಗ ಉನಾಳ ಹಾಡು ಓಡತೊಡಗಿತು. ಹಿಡಿದ ಕೈ ನಿಧಾನಿಸಿತು, ಹಾಡೂ ನಿಧಾನಿಸಿತು. ಮುಗಿಸಿ ಕಣ್ಣು ತೆರೆದಾಗಲೂ ಅಕ್ಕ ಕೈ ಬಿಟ್ಟಿರಲಿಲ್ಲ.

"ಅದೇನೇ, ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಹಾಡ್ತೀಯ?" ಎಂದಳು. ಅಕ್ಕನ ದನಿ ಬರೀ ಪಿಸುಮಾತಿನಷ್ಟು ಉಳಿದಿತ್ತು. "ಶನಿವಾರ ಕಛೇರೀಲಿ ನನ್ನ ಹಾಡು ಹಾಡು."

"ಅದು ನಿಂದು, ಅಕ್ಕ."

"ಗಂಟಲು ಹೋಯ್ತು ಕಣೆ. ಇನ್ನು ವಾಪಸ್ ಬರಲ್ಲ ಅಂದ್ರು ಡಾಕ್ಟರು."

ಉನಾಳ ಕಣ್ಣು ತುಂಬಿತು. "ನನ್ನ ಕೈಲಾಗಲ್ಲ."

"ಅವತ್ತು ಆಗಿತ್ತಲ್ಲ, ಕಳ್ಳಿ!" ಅಕ್ಕ ಅವಳ ಕೈಯನ್ನು ಮತ್ತೆ ಮೆಲ್ಲಗೆ ತಿರುಗಿಸತೊಡಗಿದಳು. "ಕಣ್ಣು ಮುಚ್ಚು. ಬಾಯಿ ನಿಂದು, ಕೈ ನಂದು."