ಸೋಮವಾರ ಹೊರಟ ಚೀಲ

ಮುಂಬಯಿ ಬಂದರಿನಲ್ಲಿ ಹಡಗು ಹತ್ತುವ ಬಾಗಿಲಲ್ಲೇ ಪಾಸ್‌ಪೋರ್ಟ್ ಕೇಳಿದಾಗ ಸಿದ್ಧಾರೂಢ ಬರಿದಾದ ಕಿಸೆ ತಡವಿದ.

“ಕಾಳವ್ವನ ಮನ್ಯಾಗಿಟ್ಟ ಚೀಲದಾಗ ಉಳೀತೇನ್ರಿ?” ಹೆಂಡತಿ ದ್ರಾಕ್ಷಾಯಿಣಿ ಹಲ್ಲು ಕಡಿದಳು. ಮಂಗಳವಾರ ಮನೆ ಬಿಡಬಾರದೆಂದು ಅವನು ಸೋಮವಾರವೇ ಪಯಣ ಹೊರಟಂತಾಗಲೆಂದು ಆ ಚೀಲವನ್ನು ಪ್ರಸ್ಥಾನವಾಗಿ ಗೋಪನಕೊಪ್ಪದ ನೆರೆಮನೆಯಲ್ಲಿಟ್ಟು, ಹೊರಡುವಾಗ ಮರೆತು ಬಂದಿದ್ದ. ಬೇಡವೆಂದವಳಿಗೆ, “ಶಾಸ್ತ್ರ ನಿನಗೇನ ಗೊತ್ತು?” ಎಂದು ಗದರಿದ್ದ.

“ಹಡಗ ಹೋದ್ರ ಹೋಗ್ಲಿ. ನಡಿ, ಊರಿಗೆ ಹೋಗೂಣು,” ಅಂದ, ತಪ್ಪು ಹಡಗಿನದೇ ಎಂಬಂತೆ.

ಮೂರು ವರ್ಷ ನಕಾಶೆ ಹರವಿ ಒಂದೊಂದು ಬಂದರಿಗೂ ಗುರುತು ಹಾಕಿದವಳು ಅವಳು. ತನ್ನ ಪಾಸ್‌ಪೋರ್ಟನ್ನು ಅಧಿಕಾರಿಯ ಮೇಜಿಗೆ ಬಡಿದಳು. ಸೂಟ್‌ಕೇಸಿನ ಮೇಲಿದ್ದ ರೊಟ್ಟಿಗಂಟನ್ನು ಎತ್ತಿ ಗಂಡನ ಎದೆಗೆ ಒತ್ತಿದಳು.

“ಹಾದ್ಯಾಗ ಉಣ್ರಿ. ರಾಹುಕಾಲ ನೋಡ್ಕೊಂಡ ಬಸ್ ಹತ್ರಿ.”